ಲೇಥಿಗೆ ಒಂದು ಲಕ್ಷ, ಅದರ ಸುತ್ತಮುತ್ತಲಿಗೆ ಇನ್ನೊಂದು

ಬ್ಯಾಂಕಿನಲ್ಲಿ ಸಣ್ಣ ಕೈಗಾರಿಕೆಗಳ ಸಾಲದ ಅರ್ಜಿ ನೋಡುವ ಮೇಜಿನ ಹಿಂದೆ ನಾನು ಬಹಳ ವರ್ಷ ಕೂತವನು. ಲೇಥ್ ಕೊಳ್ಳಲು ಸಾಲ ಕೇಳಿ ಬರುತ್ತಿದ್ದ ಹುಡುಗರ ಕಡತದಲ್ಲಿ ಯಂತ್ರದ ಕೊಟೇಶನ್ ಒಂದಿರುತ್ತಿತ್ತು, ಅಷ್ಟೇ. ಚಕ್ಕು, ಟೂಲು, ಮೈಕ್ರೋಮೀಟರು, ವೈರಿಂಗು, ಕ್ರೇನಿನ ಬಾಡಿಗೆ, ಇವುಗಳ ಸುದ್ದಿಯೇ ಇರುತ್ತಿರಲಿಲ್ಲ. ಯಂತ್ರ ಬಂದು ಕೂತ ಕೆಲವೇ ತಿಂಗಳಿಗೆ ಅದೇ ಹುಡುಗರು ಮನೆಯವರ ಬಳೆ, ಸರ ಹಿಡಿದು ಚಿನ್ನದ ಸಾಲದ ಕೌಂಟರಿಗೆ ಬರುತ್ತಿದ್ದರು. ಕೆಲಸ ಬಲ್ಲವರು, ದುಡಿಯುವವರು. ಲೆಕ್ಕದಲ್ಲಿ ಅರ್ಧ ಭಾಗ ಬಿಟ್ಟುಹೋಗಿರುತ್ತಿತ್ತು.

ಹಾಗಾಗಿ ನಿವೃತ್ತಿಯ ನಂತರ ದಾವಣಗೆರೆಯ ನಮ್ಮ ಮನೆಯ ಹಿತ್ತಲ ಶೆಡ್ಡಿಗೆ ನಾನೇ ಒಂದು ಲೇಥ್ ತರಬೇಕು ಅಂದುಕೊಂಡಾಗ, ಮೊದಲು ಎರಡು ಲಕ್ಷ ರೂಪಾಯಿ ಬೇರೆ ಖಾತೆಯಲ್ಲಿ ಎತ್ತಿಟ್ಟೆ. ಯಂತ್ರಕ್ಕೆ ಅದರಲ್ಲಿ ಅರ್ಧ, ಜಗ್ಗಿದರೆ ಇನ್ನೊಂದು ಹತ್ತು ಸಾವಿರ. ಮಿಕ್ಕಿದ್ದನ್ನು ಮುಟ್ಟುವ ಹಾಗಿಲ್ಲ ಎಂದು ಮನೆಯಲ್ಲೂ ಹೇಳಿಟ್ಟಿದ್ದೆ. ಮನೆಯಲ್ಲಿ ಯಂತ್ರ ಇಟ್ಟುಕೊಳ್ಳುವ ಆಸೆ ಇರುವವರಿಗೆ ನಾನು ಈಗಲೂ ಹೇಳುವುದು ಇದನ್ನೇ: ಕೈಯಲ್ಲಿರುವ ಹಣದ ಅರ್ಧಕ್ಕೆ ಸಿಗುವ ಯಂತ್ರವನ್ನು ಮಾತ್ರ ನೋಡಲು ಹೋಗಿ.

ನಮ್ಮ ಸೀಮೆಯಲ್ಲಿ ಲೇಥ್ ಅಂದರೆ ಹರಿಹರ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳು ನಾಡಿನ ಉದ್ದಗಲಕ್ಕೂ ಹೋದವು. ಎರಡು ಸಾವಿರದ ದಶಕದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು, ಲೇಥುಗಳು ಮಾತ್ರ ಇನ್ನೂ ತಿರುಗುತ್ತಿವೆ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿಯ ಯಂತ್ರಗಳೂ ಹಾಗೆಯೇ. ಎಚ್‌ಎಂಟಿ ಲೇಥಿನ ಹೆಸರಿನಲ್ಲೇ ಅದರ ಅಳತೆ ಇದೆ. ಎನ್‌ಎಚ್22 ಅಂದರೆ ಬೆಡ್ಡಿನಿಂದ ಸೆಂಟರಿನ ಎತ್ತರ 220 ಮಿ.ಮೀ., ಎಲ್‌ಬಿ17 ಅಂದರೆ 170. ಎನ್‌ಎಚ್22 ಬಹಳ ಒಳ್ಳೆಯ ಯಂತ್ರ, ಆದರೆ ಎರಡು ಟನ್ನಿನ ಆಸುಪಾಸು ತೂಗುತ್ತದೆ. ಮನೆಗೆ ಅದು ಬೇಡ. ಬಟಾಲಾ, ರಾಜಕೋಟ್ ಕಡೆಯಿಂದ ಬರುವ ಹಗುರ ಲೇಥುಗಳು ಹೊಸದರಲ್ಲೇ ಒಂದು ಲಕ್ಷದ ಆಜುಬಾಜಿನಲ್ಲಿ ಸಿಗುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ, ಬೆಡ್ಡಿಗೆ ಸರಿಯಾದ ಗಟ್ಟಿತನ ಕೊಡದೆ ಬಣ್ಣ ಹಚ್ಚಿ ಕಳಿಸಿದವೂ ಇವೆ. ಹೊಸದಕ್ಕೆ ಶೇ 18 ಜಿಎಸ್‌ಟಿ ಬೀಳುತ್ತದೆ. ನೋಂದಣಿ ಇರುವ ಉದ್ದಿಮೆಗೆ ಅದು ತೆರಿಗೆ ಜಮೆಯಾಗಿ ವಾಪಸು ಸಿಗುತ್ತದೆ, ಮನೆಯವರಿಗೆ ಸಿಗುವುದಿಲ್ಲ. ಲಕ್ಷದ ಯಂತ್ರ ನಮಗೆ 1,18,000.

ನನಗೆ ಸಿಕ್ಕಿದ್ದು ರಾಣೆಬೆನ್ನೂರಿನ ಕಡೆ ಮುಚ್ಚುತ್ತಿದ್ದ ಒಂದು ವರ್ಕ್‌ಶಾಪಿನ ನಾಲ್ಕೂವರೆ ಅಡಿಯ ಕಿರ್ಲೋಸ್ಕರ್. ಬಣ್ಣವೆಲ್ಲ ಹೋಗಿ, ಎಣ್ಣೆ ಕುಡಿದು ಕಪ್ಪಾಗಿತ್ತು. ವಯಸ್ಸಾದ ಮಾಲೀಕರು, "ಬಣ್ಣ ನೋಡಬ್ಯಾಡ್ರಿ ಸಾಹೇಬ್ರ, ಬೆಡ್ ನೋಡ್ರಿ" ಅಂದರು. ನಾನು ನೋಡಲು ಹೋಗಿದ್ದೂ ಅದನ್ನೇ. ಹಳೇ ಲೇಥಿನಲ್ಲಿ ನಾವು ದುಡ್ಡು ಕೊಡುವುದು ಬೆಡ್ಡಿನಲ್ಲಿ ಉಳಿದಿರುವ ನೇರಕ್ಕೆ. ಬೆಲ್ಟು, ಮೋಟರು, ಚಕ್ಕು, ಕ್ರಾಸ್ ಸ್ಲೈಡಿನ ಗನ್‌ಮೆಟಲ್ ನಟ್ಟು, ಇವೆಲ್ಲ ಬದಲಾಯಿಸುವಂಥವು. ಹ್ಯಾಂಡಲ್ ಕಾಲು ಸುತ್ತು ಖಾಲಿ ತಿರುಗಿತು ಎಂದು ಗಾಬರಿಬಿದ್ದು ಯಂತ್ರ ಬಿಟ್ಟುಬರುವವರಿದ್ದಾರೆ. ಅದು ಸಾವಿರ, ಎರಡು ಸಾವಿರದ ರಿಪೇರಿ, ಬೆಲೆ ಇಳಿಸಲು ಒಳ್ಳೆಯ ನೆಪ. ಬೆಡ್ ಸವೆದಿದ್ದರೆ ಮಾತ್ರ ಕಥೆ ಬೇರೆ. ಅದನ್ನು ಗ್ರೈಂಡಿಂಗಿಗೆ ಬೆಂಗಳೂರಿನ ಪೀಣ್ಯಕ್ಕೋ ಬೆಳಗಾವಿಗೋ ಸಾಗಿಸಬೇಕು. ಗ್ರೈಂಡ್ ಮಾಡಿದ ಮೇಲೆ ಕ್ಯಾರೇಜು ಅಷ್ಟು ಕೆಳಗಿಳಿಯುತ್ತದೆ, ಲೀಡ್ ಸ್ಕ್ರೂವಿನ ನೇರ ತಪ್ಪುತ್ತದೆ, ಮತ್ತೆ ಅಡಿಗೆ ಪಟ್ಟಿ ಕೊಟ್ಟು ಎತ್ತಿ ಕೂರಿಸಬೇಕು. ಇಷ್ಟೆಲ್ಲ ಮಾಡಿಸುವ ಹೊತ್ತಿಗೆ ಇನ್ನೊಂದು ಲೇಥೇ ಬಂದುಬಿಡುತ್ತದೆ.

ಲೇಥಿನ ಕೆಲಸ ಬಹುಪಾಲು ಚಕ್ಕಿನ ಹತ್ತಿರವೇ ನಡೆಯುವುದರಿಂದ ಬೆಡ್ಡು ಸವೆಯುವುದೂ ಅಲ್ಲೇ. ಟೇಲ್‌ಸ್ಟಾಕಿನ ಕಡೆ ಹೊಸದರಂತೆಯೇ ಇರುತ್ತದೆ. ಹಾಗಾಗಿ ಕ್ಯಾರೇಜನ್ನು ಚಕ್ಕಿನ ಪಕ್ಕಕ್ಕೆ ತಂದು, ಅದರ ಲಾಕ್ ಬೋಲ್ಟನ್ನು ಸ್ವಲ್ಪ ಬಿಗಿ ತಗಲುವಷ್ಟು ತಿರುಗಿಸಿ, ಮೆಲ್ಲಗೆ ಟೇಲ್‌ಸ್ಟಾಕಿನ ಕಡೆ ಓಡಿಸಿ ನೋಡಬೇಕು. ಹೋಗ್ತಾ ಹೋಗ್ತಾ ಹಿಡಿದುಕೊಂಡು ನಿಂತೇಬಿಟ್ಟರೆ ಸವೆತ ಜಾಸ್ತಿ ಎಂದರ್ಥ. ಆ ಲೇಥಿನಲ್ಲಿ ಕೊನೆಯ ಒಂದಡಿಯಲ್ಲಿ ಕೈಗೆ ಭಾರ ಬಂತು, ನಿಲ್ಲಲಿಲ್ಲ. ಆಮೇಲೆ ಚಕ್ಕಿಗೆ ಒಂದು ಗಟ್ಟಿ ರಾಡು ಕಚ್ಚಿಸಿ, ಸ್ಪಿಂಡಲ್ ಮೂತಿಯ ಮೇಲೆ ಡಯಲ್ ಗೇಜ್ ಕೂರಿಸಿ, ರಾಡನ್ನು ಮೇಲಕ್ಕೆ ಮೀಟಿದೆ. ಮುಳ್ಳು ಎರಡು ಗೆರೆ ಆಡಿತು, ಅಂದರೆ 20 ಮೈಕ್ರಾನ್. ಬೇರಿಂಗ್ ಬಿಗಿ ಮಾಡಿದರೆ ಸರಿಹೋಗುವಂಥದ್ದು.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ದೊಡ್ಡದು. ಮನೆಯಿಂದ 40 ಮಿ.ಮೀ. ದಪ್ಪದ ಎಂಎಸ್ ರಾಡಿನ ತುಂಡೊಂದನ್ನೂ ಚೂಪಾಗಿ ಮಸೆದ ಟೂಲೊಂದನ್ನೂ ಒಯ್ದಿದ್ದೆ. ಅವರ ಟೂಲಿನಲ್ಲಿ ಟರ್ನ್ ಮಾಡಿದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಟೇಲ್‌ಸ್ಟಾಕಿನ ಆಸರೆ ಕೊಡದೆ 150 ಮಿ.ಮೀ. ಉದ್ದಕ್ಕೆ ತೆಳುವಾಗಿ ಎರಡು ಸಲ ಟೂಲು ಓಡಿಸಿ, ಎರಡೂ ತುದಿಯನ್ನು ಮೈಕ್ರೋಮೀಟರಿನಲ್ಲಿ ಅಳೆದಾಗ 30 ಮೈಕ್ರಾನ್ ವ್ಯತ್ಯಾಸ ಬಂತು. ಕಾರ್ಖಾನೆಗೆ ಸಾಲದು, ಮನೆಗೆ ಧಾರಾಳ. ಅದರಲ್ಲೂ ಸ್ವಲ್ಪ ಭಾಗ ನೆಲ ಮಟ್ಟ ಇಲ್ಲದೆ ಬೆಡ್ ತಿರುಚಿಕೊಂಡಿದ್ದರಿಂದ ಬಂದದ್ದು ಎಂಬ ಗುಮಾನಿ ನನಗಿತ್ತು. ಶೆಡ್ಡಿಗೆ ತಂದು, ಕಾರ್ಖಾನೆಯವರೊಬ್ಬರಿಂದ ಎರವಲು ತಂದ ಸೂಕ್ಷ್ಮ ಸ್ಪಿರಿಟ್ ಲೆವೆಲ್ ಇಟ್ಟು ನಾಲ್ಕೂ ಕಾಲು ಮಟ್ಟ ಮಾಡಿದ ಮೇಲೆ ವ್ಯತ್ಯಾಸ ಅರ್ಧಕ್ಕಿಳಿಯಿತು. ಮಟ್ಟ ಮಾಡುವುದಕ್ಕೆ ಒಂದು ಸಂಜೆಯ ಹೊತ್ತು ಬಿಟ್ಟರೆ ಬೇರೆ ಖರ್ಚಿಲ್ಲ.

1,10,000ಕ್ಕೆ ಮಾತು ಮುಗಿಯಿತು. ಕ್ರೇನು, ಟೆಂಪೋ ಸೇರಿ 11,000. ಆರಿಂಚು ಕಾಂಕ್ರೀಟ್ ಹಾಸು, ವೈರಿಂಗ್, ಅರ್ಥಿಂಗ್ ಮತ್ತು ವಿಎಫ್‌ಡಿ ಎಂಬ ಪುಟ್ಟ ಡಬ್ಬಿಗೆ 24,000. ಮೂರು ದವಡೆಯ ಚಕ್ಕಿನ ದವಡೆ ಸವೆದು ಹೋಗಿತ್ತು, ಅದನ್ನು ಬದಲಾಯಿಸಿ ನಾಲ್ಕು ದವಡೆಯದೊಂದನ್ನು ಸೇರಿಸಿದ್ದಕ್ಕೆ 13,000. ಡ್ರಿಲ್ ಚಕ್ಕು, ತಿರುಗುವ ಸೆಂಟರಿಗೆ 4,500. ಟೂಲ್ ಬಿಟ್ಟು, ಬೋರಿಂಗ್ ಬಾರು, ಡ್ರಿಲ್ಲುಗಳಿಗೆ 9,000. ಟೂಲು ಮಸೆಯುವ ಗ್ರೈಂಡರಿಗೆ 5,500. ಎರಡು ಮೈಕ್ರೋಮೀಟರು, ವರ್ನಿಯರು, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಸಮೇತ ಡಯಲ್ ಗೇಜಿಗೆ 18,000. ಎಣ್ಣೆ, ಕೂಲೆಂಟು, ಬ್ರಷ್ಷಿಗೆ 2,500. ಕೂಡಿದರೆ 87,500. ಯಂತ್ರಕ್ಕೆ ಕೊಟ್ಟ ಪ್ರತಿ ರೂಪಾಯಿಯ ಹಿಂದೆ 80 ಪೈಸೆ ಹೀಗೆ ಹೋಯಿತು.

ವಿಎಫ್‌ಡಿ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಮನೆಯವರು ಹಳೇ ಲೇಥ್ ಬಿಟ್ಟುಬರುವುದು ಹೆಚ್ಚಾಗಿ "ತ್ರೀ ಫೇಸ್ ಇಲ್ಲ" ಎಂಬ ಕಾರಣಕ್ಕೆ. ಮನೆಯ 230 ವೋಲ್ಟಿನ ಸಿಂಗಲ್ ಫೇಸನ್ನು ಈ ಡಬ್ಬಿ ಅಷ್ಟೇ ವೋಲ್ಟಿನ ತ್ರೀ ಫೇಸ್ ಮಾಡಿಕೊಡುತ್ತದೆ. ಎರಡು ಎಚ್‌ಪಿಯಂಥ ಸಣ್ಣ ಮೋಟರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುತ್ತವೆ. ವೈಂಡಿಂಗ್ ಅಂಗಡಿಯಲ್ಲಿ ಅದನ್ನು ಡೆಲ್ಟಾಕ್ಕೆ ಬದಲಿಸಿದರೆ ಅದೇ ಮೋಟರು ಈ ವೋಲ್ಟಿನಲ್ಲಿ ಪೂರ್ತಿ ಬಲದಿಂದ ಓಡುತ್ತದೆ. ವೇಗವನ್ನು ಗುಂಡಿ ತಿರುಗಿಸಿ ಹೆಚ್ಚುಕಮ್ಮಿ ಮಾಡಬಹುದು. ತೀರಾ ಕಡಿಮೆ ವೇಗ ಬೇಕಾದರೆ ಗೇರನ್ನೇ ಬದಲಾಯಿಸಿ, ಗುಂಡಿಯಿಂದ ಇಳಿಸಿದರೆ ಮೋಟರಿನ ಫ್ಯಾನೂ ನಿಧಾನವಾಗಿ ಮೋಟರು ಕಾಯುತ್ತದೆ. ಹಣ ತೆಗೆದುಕೊಂಡು ದಿನವಿಡೀ ಕೆಲಸ ಮಾಡುವುದಾದರೆ ಮನೆಯ ಮೀಟರಿನಲ್ಲಿ ನಡೆಸಬಾರದು, ಅದಕ್ಕೆ ಕೈಗಾರಿಕೆಯ ಸಂಪರ್ಕವನ್ನೇ ಪಡೆಯಬೇಕು.

ಟೂಲಿನ ವಿಷಯದಲ್ಲಿ ಅಂಗಡಿಯವರು ಕಾರ್ಬೈಡ್ ಇನ್ಸರ್ಟಿನ ಸೆಟ್ ತೋರಿಸುತ್ತಾರೆ. ನೋಡಲು ಚಂದ. ಆದರೆ 25 ಮಿ.ಮೀ. ಎಂಎಸ್ ರಾಡನ್ನು ಕಾರ್ಬೈಡಿನಲ್ಲಿ ನಿಮಿಷಕ್ಕೆ 100 ಮೀಟರ್ ವೇಗದಲ್ಲಿ ಕತ್ತರಿಸಬೇಕಾದರೆ ಸ್ಪಿಂಡಲ್ಲು ಸುಮಾರು 1,270 ಸುತ್ತು ತಿರುಗಬೇಕು. ಹಳೇ ಲೇಥುಗಳಿಗೆ ಅದು ತ್ರಾಸ. ಎಚ್‌ಎಸ್‌ಎಸ್ ಟೂಲಿಗೆ 25 ಮೀಟರ್ ಸಾಕು, ಅಂದರೆ 320 ಸುತ್ತು. ಕೆಲವು ನೂರು ರೂಪಾಯಿಯ ಎಚ್‌ಎಸ್‌ಎಸ್ ತುಂಡನ್ನು ಗ್ರೈಂಡರಿನಲ್ಲಿ ಮಸೆದುಕೊಳ್ಳಲು ಕಲಿತರೆ ವರ್ಷಗಟ್ಟಲೆ ಬರುತ್ತದೆ. ಹಿತ್ತಾಳೆಗೆ ಟೂಲಿನ ತಲೆಯನ್ನು ಚಪ್ಪಟೆಯಾಗಿ ಬಿಡಬೇಕು, ಅಲ್ಯೂಮಿನಿಯಮ್ಮಿಗೆ ಚೆನ್ನಾಗಿ ಇಳಿಜಾರು ಕೊಡಬೇಕು. ನೀಲಿ ಬಣ್ಣಕ್ಕೆ ತಿರುಗಿದ ಉಕ್ಕಿನ ಚೂರು ಸುರುಳಿ ಸುತ್ತುತ್ತಾ ಬರುವಾಗ ಆ ವಾಸನೆ, ಆ ಸದ್ದು ನನಗೆ ಎಷ್ಟು ನೋಡಿದರೂ ಸಾಕಾಗುವುದಿಲ್ಲ.

ಇದೆಲ್ಲ ಲಾಭವೇ ಎಂದು ಕೇಳುವವರಿಗೆ ನೇರ ಲೆಕ್ಕ ಹೇಳುತ್ತೇನೆ. ಎರಡು ಲಕ್ಷವನ್ನು ಶೇ 7ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 14,000 ಬಡ್ಡಿ. ಆ ದುಡ್ಡಿಗೆ ಊರಿನ ಲೇಥ್ ಅಂಗಡಿಯಲ್ಲಿ ಮನೆಗೆ ಬೇಕಾದ ಬುಷ್ಷು, ಪಿನ್ನು ಎಲ್ಲ ಮಾಡಿಸಿ ಇನ್ನೂ ಮಿಗುತ್ತದೆ. ಚನ್ನಗಿರಿ ಕಡೆಯ ತೋಟದವರು ಕಳೆ ಕೊಚ್ಚುವ ಯಂತ್ರದ ಬುಷ್ ತರುತ್ತಾರೆ, ನೆಂಟರು ಶಾವಿಗೆ ಒರಳಿನ ಹಿತ್ತಾಳೆ ಬಿಲ್ಲೆ ಮಾಡಿಸಿಕೊಳ್ಳುತ್ತಾರೆ. ಬರುವುದು ಎಣ್ಣೆ, ಕರೆಂಟಿನ ಖರ್ಚಿಗೆ ಸರಿಹೋಗುತ್ತದೆ. ಆದ್ದರಿಂದ ಹವ್ಯಾಸಕ್ಕೆಂದು ಕೊಳ್ಳುವ ಯಂತ್ರವನ್ನು ಉಳಿತಾಯದಿಂದಲೇ ಕೊಳ್ಳಬೇಕು. ಒಂದು ಲಕ್ಷದ ವೈಯಕ್ತಿಕ ಸಾಲಕ್ಕೆ ಶೇ 14ರಂತೆ ಮೂರು ವರ್ಷಕ್ಕೆ ತಿಂಗಳ ಕಂತು ಸುಮಾರು 3,418, ಒಟ್ಟು ಬಡ್ಡಿಯೇ 23,000. ಆ 23,000ದಲ್ಲಿ ನನ್ನ ಅಳತೆಯ ಸಾಮಾನೆಲ್ಲ ಬಂದಿದೆ. ದುಡಿಮೆಗೆಂದೇ ಕೊಳ್ಳುವವರ ದಾರಿ ಬೇರೆ: ಉದ್ಯಮ್ ನೋಂದಣಿ ಮಾಡಿಸಿ, 2015ರಿಂದ ಇರುವ ಮುದ್ರಾ ಯೋಜನೆಯಲ್ಲಿ ಅರ್ಜಿ ಹಾಕಿ, ಆದರೆ ಕೊಟೇಶನ್ನಿನಲ್ಲಿ ಟೂಲು, ಅಳತೆಯ ಸಾಮಾನು, ಕ್ರೇನು ಎಲ್ಲವನ್ನೂ ಬರೆಸಿ. ಅವೂ ಯೋಜನೆಯ ವೆಚ್ಚವೇ.

ಹಳೇ ಲೇಥಿಗೆ ಒಂದು ಅನುಕೂಲವಿದೆ, ಅದು ಕಾರಿಗಿಲ್ಲ. ಬೆಡ್ ಚೆನ್ನಾಗಿದ್ದರೆ ಕೊಂಡ ಬೆಲೆಗೆ ಹತ್ತಿರದಲ್ಲೇ ಮಾರಬಹುದು. ತೀರಾ ಕೆಟ್ಟರೂ ಎರಕದ ಕಬ್ಬಿಣ ಗುಜರಿಯವರ ತಕ್ಕಡಿಯಲ್ಲಿ ಒಂದಷ್ಟು ದುಡ್ಡು ತರುತ್ತದೆ. ಫ್ಲ್ಯಾಟಿನಲ್ಲಿರುವವರಿಗೆ ಸಿಗುವ ನಲವತ್ತು ಕಿಲೋ ಆಸುಪಾಸಿನ ಮೇಜಿನ ಮೇಲಿನ ಚೀನಾ ಲೇಥಿಗೆ ಆ ಆಸರೆಯಿಲ್ಲ. ಹಿತ್ತಾಳೆ, ಗಡಿಯಾರ, ಮಾದರಿ ಎಂಜಿನ್ನುಗಳ ಕೆಲಸಕ್ಕೆ ಅದು ಒಳ್ಳೆಯದೇ, ಜಾಗವಿಲ್ಲದವರಿಗೆ ಬೇರೆ ದಾರಿಯೂ ಇಲ್ಲ.

ಇನ್ನು ವಿಮೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಲ್ಲರ ಖಾತೆಯಲ್ಲೂ ಇರಲಿ. ಅದರಲ್ಲಿ ಒಂದು ಕಣ್ಣೋ ಒಂದು ಕೈಯೋ ಪೂರ್ತಿ ಹೋದರೆ ಒಂದು ಲಕ್ಷ ಸಿಗುತ್ತದೆ. ಬೆರಳು ಹೋದರೆ ಏನೂ ಸಿಗುವುದಿಲ್ಲ, ಲೇಥಿನ ಮುಂದೆ ಹೋಗುವುದು ಹೆಚ್ಚಾಗಿ ಬೆರಳೇ. ಗ್ಲೌಸ್ ಹಾಕಿಕೊಂಡು ಲೇಥ್ ಓಡಿಸಬೇಡಿ, ತಿರುಗುವ ಚಕ್ಕು ಬಟ್ಟೆಯ ತುದಿ ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಚಕ್ ಕೀಯನ್ನು ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯಬೇಡಿ. ಚೂರನ್ನು ಕೊಕ್ಕೆಯಿಂದ ಎಳೆಯಿರಿ. ನನ್ನ ಶೆಡ್ಡಿಗೆ ಬರುವ ಹುಡುಗರು ಮೊದಲು ಕನ್ನಡಕ ಹಾಕಿಕೊಳ್ಳಬೇಕು, ಆಮೇಲೆ ಮಾತು.

ಲೇಥ್ ಬಂದವರಿಗೆಲ್ಲ ಮುಂದಿನ ಆಸೆ ಮಿಲ್ಲಿಂಗ್ ಮೆಷಿನ್ನು. ನನಗೂ ಇದೆ. ಆದರೆ ಸುತ್ತಲಿನ ಸಾಮಾನಿಗೆ ದುಡ್ಡು ನುಂಗುವುದರಲ್ಲಿ ಅದು ಲೇಥನ್ನೂ ಮೀರಿಸುತ್ತದೆ: ವೈಸು, ಕಾಲೆಟ್ ಸೆಟ್ಟು, ಕ್ಲ್ಯಾಂಪುಗಳು, ಮುರಿಯುತ್ತಲೇ ಇರುವ ಎಂಡ್ ಮಿಲ್ಲುಗಳು, ಗೇರು ಕೊರೆಯಬೇಕಾದರೆ ಡಿವೈಡಿಂಗ್ ಹೆಡ್ಡು. ಸದ್ಯಕ್ಕೆ ಲೇಥಿನ ಕ್ರಾಸ್ ಸ್ಲೈಡಿನ ಮೇಲೆ ವರ್ಟಿಕಲ್ ಸ್ಲೈಡ್ ಕೂರಿಸಿ, ಚಕ್ಕಿನಲ್ಲಿ ಕಟರ್ ಹಿಡಿದು ಸಣ್ಣಪುಟ್ಟ ಕೀವೇ ಕೊರೆದುಕೊಳ್ಳುತ್ತೇನೆ. ದೊಡ್ಡದಿದ್ದರೆ ಕೈಗಾರಿಕಾ ಪ್ರದೇಶದ ಒಂದು ಅಂಗಡಿಗೆ ಒಯ್ಯುತ್ತೇನೆ, ಗಂಟೆಗೆ 350 ರೂಪಾಯಿ. ನನ್ನ ಅಗತ್ಯಕ್ಕೆ ವರ್ಷಕ್ಕೆ ಹತ್ತು ಗಂಟೆಯ ಕೆಲಸವೂ ಇಲ್ಲ.

ಆದರೂ ತಿಂಗಳಿಗೆ 5,000ದ ಆರ್‌ಡಿ ಒಂದು ಮಿಲ್ಲಿಂಗ್ ಮೆಷಿನ್ನಿಗೆಂದೇ ನಡೆಯುತ್ತಿದೆ. ಶಿವಮೊಗ್ಗದ ಕಡೆ ಎಚ್‌ಎಂಟಿಯ ಎಂ1ಟಿಆರ್ ಒಂದು ಮಾರಾಟಕ್ಕಿದೆ ಎಂದು ಗೆಳೆಯರು ಹೇಳಿದ್ದಾರೆ. ಅದರಲ್ಲಿ ನಾನು ನೋಡಬೇಕಾದದ್ದು ಟೇಬಲ್ಲಿನ ನಡುಭಾಗ, ಸವೆತ ಅಲ್ಲೇ ಮೊದಲು. ಸ್ಕ್ರೂವಿನ ಸಡಿಲವನ್ನು ಲೇಥಿನಲ್ಲಿ ಕ್ಷಮಿಸಿದ ಹಾಗೆ ಇಲ್ಲಿ ಕ್ಷಮಿಸಲಾಗದು, ಕಟರ್ ತಿರುಗುವ ದಿಕ್ಕಿಗೇ ಕೆಲಸವನ್ನು ತಳ್ಳಿದರೆ ಅದು ಟೇಬಲನ್ನು ಜಗ್ಗಿ ತನ್ನನ್ನೇ ಮುರಿದುಕೊಳ್ಳುತ್ತದೆ. ಶೆಡ್ಡಿನ ತಗಡಿನ ಎತ್ತರವನ್ನೂ ಅಳೆದಿಟ್ಟುಕೊಂಡಿದ್ದೇನೆ. ಆರ್‌ಡಿಯಲ್ಲಿ ಕೂಡಿದ್ದರ ಅರ್ಧದೊಳಗೆ ಅವರ ಬೆಲೆ ಬರುವವರೆಗೆ ಶಿವಮೊಗ್ಗದ ಬಸ್ಸು ಹತ್ತುವುದಿಲ್ಲ.