ಆನ್ ರೋಡ್ ಬೆಲೆಯ ಒಳಗೆ ಯಾರ್ಯಾರ ದುಡ್ಡಿದೆ?

ಹೊಸ ಗಾಡಿ ಕೊಳ್ಳಲು ಹೋದವರಿಗೆ ಶೋರೂಮಿನಲ್ಲಿ ಮೊದಲು ಕೇಳಿಸುವುದು ಒಂದೇ ಅಂಕಿ: ‘ಆನ್ ರೋಡ್ ಇಷ್ಟಾಗುತ್ತೆ.’ ನಾವು ಚೌಕಾಸಿಗೆ ಕೂರುವುದೂ ಅದರ ಮೇಲೆಯೇ. ಐದು ಸಾವಿರ ಇಳಿಸಿದರೆ ಗೆದ್ದೆವು ಅಂದುಕೊಳ್ಳುತ್ತೇವೆ. ಆದರೆ ಆ ಮೊತ್ತದಲ್ಲಿ ಹಲವರ ದುಡ್ಡು ಕಲೆತಿರುತ್ತದೆ. ಕಂಪನಿಯದು, ಸರ್ಕಾರದ್ದು, ವಿಮೆಯವರದು, ಸಾಲ ಕೊಡುವವರದು, ಡೀಲರ್‌ದು. ಯಾವ ಸಾಲಿನ ದುಡ್ಡು ಯಾರ ಕೈ ಸೇರುತ್ತದೆ ಎಂದು ಬಿಡಿಸಿ ಕೇಳುವವರೆಗೆ ನಮ್ಮ ಚೌಕಾಸಿಗೆ ಅರ್ಥವಿಲ್ಲ. ಒಂದು ಕಡೆ ಬಿಟ್ಟುಕೊಟ್ಟಿದ್ದನ್ನು ಇನ್ನೊಂದು ಕಡೆ ವಸೂಲು ಮಾಡುವುದು ಅವರಿಗೆ ಕಷ್ಟವೇ ಅಲ್ಲ.

2025ರ ದಸರಾ ಹೊತ್ತಿಗೆ ನನ್ನ ತಮ್ಮ ಒಂದು ಪಿಕಪ್ ಕೊಂಡ. ಚಿಂತಾಮಣಿ ಕಡೆ ಟೊಮೆಟೊ, ಬೀನ್ಸ್ ಬೆಳೆಯುತ್ತಾನೆ. ಕೋಲಾರದ ಎಪಿಎಂಸಿಗೆ ಮಾಲು ಹಾಕಲು ಬಾಡಿಗೆ ಗಾಡಿಗೆ ಕೊಟ್ಟೂ ಕೊಟ್ಟೂ ಸಾಕಾಗಿ, ಸ್ವಂತದ್ದೇ ಇರಲಿ, ಬಿಡುವಿದ್ದಾಗ ಅಕ್ಕಪಕ್ಕದವರ ಮಾಲನ್ನೂ ಸಾಗಿಸಿದರಾಯಿತು ಎಂದು ಲೆಕ್ಕ ಹಾಕಿದ. ನಾನು ಜೊತೆಗೆ ಹೋದೆ. ಕೈಗೆ ಬಂದ ಕೊಟೇಶನ್ ಹಾಳೆಯಲ್ಲಿ ಮೊದಲ ಸಾಲು ಎಕ್ಸ್ ಶೋರೂಮ್ 8,96,000. ಅದರ ಕೆಳಗೆ, ಕೆಂಪು ಪೆನ್ನಿನಲ್ಲಿ, ದಸರಾ ಆಫರ್ 70,000 ಕಡಿತ. ತಮ್ಮನ ಮುಖ ಅರಳಿತು.

ಆ 70,000 ಆಫರ್ ಆಗಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿತ್ತು. ತೆರಿಗೆ ಬಿಟ್ಟು ಆ ಗಾಡಿಯ ಬೆಲೆ ಏಳು ಲಕ್ಷ. ಹಳೆಯ ತೆರಿಗೆ ಸೇರಿದರೆ 8,96,000, ಹೊಸದಾದರೆ 8,26,000. ನಡುವಿನ ಅಂತರ ಸರಿಯಾಗಿ 70,000. ಸರ್ಕಾರ ಇಳಿಸಿದ ತೆರಿಗೆಯನ್ನು ಡೀಲರ್ ತನ್ನ ಕೊಡುಗೆ ಎಂದು ಬರೆದಿದ್ದ. ‘ಇಷ್ಟೆಲ್ಲ ಬಿಟ್ಟಿದೀವಲ್ಲ ಮೇಡಂ, ಇನ್ನೇನು ಬಿಡೋದು’ ಎಂಬ ಮಾತಿಗೂ ಅದೇ ಆಧಾರ. ಕಂಪನಿಯ ಹೊಸ ದರಪಟ್ಟಿಯನ್ನು ಫೋನಿನಲ್ಲಿ ತೆರೆದು ತೋರಿಸಿದ ಮೇಲೆ ಕೆಂಪು ಸಾಲು ಹೋಯಿತು, ಮೊದಲ ಸಾಲು 8,26,000 ಆಯಿತು. ನಿಜವಾದ ರಿಯಾಯಿತಿಯ ಮಾತು ಶುರುವಾಗಿದ್ದು ಅಲ್ಲಿಂದ.

ಕೆಳಗಿನ ಸಾಲುಗಳಿಗೆ ಬರೋಣ. ಹ್ಯಾಂಡ್ಲಿಂಗ್ ಚಾರ್ಜ್ 7,500. ಇದು ಸರ್ಕಾರಕ್ಕೆ ಹೋಗುವುದಿಲ್ಲ, ಕಂಪನಿಗೂ ಹೋಗುವುದಿಲ್ಲ. ಯಾರ್ಡಿನಿಂದ ಶೋರೂಮಿಗೆ ಗಾಡಿ ತಂದು, ತೊಳೆದು, ನಿಲ್ಲಿಸಿದ ಖರ್ಚು ಎನ್ನುತ್ತಾರೆ. ಮಾರುವ ಅಂಗಡಿಯವನು ಮಾಲನ್ನು ಅಂಗಡಿಗೆ ತಂದುಕೊಳ್ಳುವ ಖರ್ಚು ಅವನ ಲಾಭಾಂಶದಲ್ಲಿ ಸೇರಿರಬೇಕು. ನಾನು ವಾದ ಮಾಡಲಿಲ್ಲ. ‘ಇದನ್ನು ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ಹಾಗೇ ಹೆಸರಿಸಿ ಹಾಕಿಕೊಡಿ, ಕೊಡುತ್ತೇವೆ’ ಎಂದೆ. ಗಾಡಿ ಮಾರುವ ಹುಡುಗ ಮ್ಯಾನೇಜರ್ ಕೋಣೆಗೆ ಹೋಗಿ ಬಂದ. ಸಾಲು ಹೋಯಿತು. ಇದನ್ನು ಯಾರು ಬೇಕಾದರೂ ಕೇಳಬಹುದು. ಯಾವ ದುಡ್ಡಿಗೆ ರಸೀದಿ ಕೊಡಲು ಹಿಂಜರಿಯುತ್ತಾರೋ ಅದನ್ನು ಕೊಡಬೇಕಾದ ಅಗತ್ಯ ನಮಗಿಲ್ಲ.

ಪರ್ಮಿಟ್ ಎಂದು ಇನ್ನೊಂದು ಸಾಲಿತ್ತು. ನಾವು ಆರಿಸಿದ್ದ ಮಾದರಿಯ ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡು ಸೇರಿ, 2,990 ಕಿಲೋ. ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಕಂಪನಿಗಳು ಈ ವರ್ಗದ ಗಾಡಿಗಳ ತೂಕವನ್ನು ಮೂರು ಸಾವಿರದ ಅಂಚಿಗೆ ತಂದು ನಿಲ್ಲಿಸುವುದಕ್ಕೆ ಅದೂ ಒಂದು ಕಾರಣ. ಬೇಕಿಲ್ಲದ ಕಾಗದಕ್ಕೆ ದುಡ್ಡು ಕೇಳಿದ್ದು ಅಜಾಗ್ರತೆಯೋ ಬೇಕೆಂದೋ ನಾನು ಹೇಳಲಾರೆ. ಆದರೆ ಕೇಳದೇ ಇದ್ದಿದ್ದರೆ ತಮ್ಮ ಆ ದುಡ್ಡನ್ನೂ ಕಟ್ಟಿ ಬರುತ್ತಿದ್ದ.

ರಿಜಿಸ್ಟ್ರೇಷನ್ ಖರ್ಚು ಎಂದು ತೆರಿಗೆಯ ಜೊತೆ ಒಟ್ಟಿಗೆ ಒಂದೇ ಮೊತ್ತ ಬರೆಯುವುದು ಎಲ್ಲೆಡೆ ಇದೆ. ಇಲ್ಲಿ ತಿಳಿದಿರಬೇಕಾದ್ದು ಇಷ್ಟು: ಹಗುರ ಸಾರಿಗೆ ವಾಹನದ ನೋಂದಣಿ ಶುಲ್ಕ 1,000 ರೂಪಾಯಿ, ಸ್ವಂತ ಬಳಕೆಯ ಕಾರಾದರೆ 600. ಸಾಲ ಇದ್ದರೆ ಹೈಪಾಥಿಕೇಶನ್ ನಮೂದಿಗೆ 1,500. ದೊಡ್ಡ ಮೊತ್ತ ರಸ್ತೆ ತೆರಿಗೆಯದು, ಅದು ಗಾಡಿಯ ವರ್ಗ ನೋಡಿಕೊಂಡು ಬದಲಾಗುತ್ತದೆ. ಇವೆಲ್ಲವನ್ನೂ ಕಟ್ಟುವುದು ವಾಹನ್ ಪೋರ್ಟಲ್ ಮೂಲಕ, ಅಲ್ಲಿ ಪ್ರತಿ ಬಾಬ್ತಿಗೂ ರಸೀದಿ ಹುಟ್ಟುತ್ತದೆ. ಆ ರಸೀದಿಯ ಪ್ರತಿ ಕೊಡಿ, ಅದರಲ್ಲಿರುವಷ್ಟೇ ಕೊಡುತ್ತೇವೆ ಎಂದು ಮೊದಲೇ ಹೇಳಿಬಿಡಬೇಕು. ಮೇಲೆ ಉಳಿಯುವುದು ‘ಆಫೀಸ್ ಖರ್ಚು’. ಆ ಹೆಸರಿನಲ್ಲಿ ಯಾರ ಜೇಬಿಗೆ ಎಷ್ಟು ಹೋಗುತ್ತದೆ ಎಂದು ಯಾರೂ ಬಾಯಿಬಿಡುವುದಿಲ್ಲ. ಕಷ್ಟಪಟ್ಟು ದುಡಿದವರ ದುಡ್ಡು ಹೀಗೆ ಹೆಸರಿಲ್ಲದೆ ಸೋರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹತ್ತು ಲಕ್ಷ ಮೀರಿದ ಗಾಡಿಯಾದರೆ ಶೇ 1ರಷ್ಟು ಟಿಸಿಎಸ್ ಹಿಡಿಯುತ್ತಾರೆ, ಅದು ನ್ಯಾಯವಾದದ್ದೇ. ಪ್ಯಾನ್ ನಂಬರ್ ಸರಿಯಾಗಿ ಕೊಟ್ಟಿದ್ದರೆ ಐಟಿ ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು, ತೆರಿಗೆ ಬಾಕಿ ಇಲ್ಲದಿದ್ದರೆ ವಾಪಸ್ ಪಡೆಯಬಹುದು.

ಇನ್ನು ವಿಮೆ. ಕೊಟೇಶನ್‌ನಲ್ಲಿ 44,300 ಇತ್ತು. ಊರಿನ ಸರ್ಕಾರಿ ವಿಮಾ ಕಂಪನಿಯ ಶಾಖೆಯಲ್ಲಿ ಅದೇ ಗಾಡಿಗೆ ಕೇಳಿದಾಗ 35,900. ಥರ್ಡ್ ಪಾರ್ಟಿ ಪ್ರೀಮಿಯಂ ಎಲ್ಲಿ ಕೇಳಿದರೂ ಒಂದೇ, ಏಕೆಂದರೆ ಅದನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ. 7,500 ಕಿಲೋವರೆಗಿನ ಸರಕು ವಾಹನಕ್ಕೆ 2022ರ ಜೂನ್‌ನಲ್ಲಿ ನಿಗದಿಯಾದದ್ದು 16,049 ರೂಪಾಯಿ. ಬೇರೆ ಬೇರೆ ಆಗುವುದು ಗಾಡಿಗೆ ಆಗುವ ಹಾನಿಯ ಭಾಗ. ಅಲ್ಲಿ ಡೀಲರ್‌ಗೂ ಪಾಲಿರುತ್ತದೆ. ಅಗ್ಗದ ವಿಮೆ ಹುಡುಕುವವರು ಎರಡು ವಿಷಯ ಗಮನಿಸಬೇಕು. ಮೊದಲನೆಯದು ಐಡಿವಿ, ಗಾಡಿ ಪೂರ್ತಿ ಹೋದರೆ ಸಿಗುವ ಮೊತ್ತ. ಹೊಸ ಗಾಡಿಗೆ ಅದು ಎಕ್ಸ್ ಶೋರೂಮ್ ಬೆಲೆಯ ಶೇ 95, ನಮ್ಮ ಲೆಕ್ಕದಲ್ಲಿ 7,84,700. ಇದನ್ನು ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವ ಏಜೆಂಟರು ಹೊರಗೂ ಇದ್ದಾರೆ. ಎರಡನೆಯದು ಐಎಂಟಿ 23. ವಾಣಿಜ್ಯ ವಾಹನದ ವಿಮೆಯಲ್ಲಿ ಇದನ್ನು ಸೇರಿಸದಿದ್ದರೆ ಬಂಪರ್, ಹೆಡ್‌ಲೈಟ್, ಮಡ್‌ಗಾರ್ಡ್, ಪೇಂಟಿನಂಥವಕ್ಕೆ ಮಾತ್ರ ಪೆಟ್ಟಾದಾಗ ಪರಿಹಾರ ಸಿಗುವುದಿಲ್ಲ. ಮಂಡಿಯ ಇಕ್ಕಟ್ಟಿನಲ್ಲಿ ಹಿಂದೆ ಮುಂದೆ ಮಾಡುವ ಪಿಕಪ್ಪಿಗೆ ಮೊದಲು ಪೆಟ್ಟು ಬೀಳುವುದೇ ಅಲ್ಲಿಗೆ. ಎರಡೂ ಸಮನಾಗಿಟ್ಟು ಹೋಲಿಸಿದ ಮೇಲೂ 8,400 ರೂಪಾಯಿ ಕಡಿಮೆಯೇ ಇತ್ತು.

‘ಹೊರಗೆ ಮಾಡಿಸಿದ್ರೆ ನಮ್ಮಲ್ಲಿ ಕ್ಯಾಶ್‌ಲೆಸ್ ಸಿಗಲ್ಲ ಮೇಡಂ, ಆಯುಧಪೂಜೆಗೆ ಡೆಲಿವರಿನೂ ಆಗಲ್ಲ’ ಎಂದ ಆ ಹುಡುಗ. ಕ್ಯಾಶ್‌ಲೆಸ್ ಸಿಗುವುದು ವಿಮಾ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದ ಇದೆಯೇ ಎಂಬುದರ ಮೇಲೆ. ಪಾಲಿಸಿ ಯಾರು ಮಾರಿದರು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಶಾಖೆಯಲ್ಲಿ ವಿಚಾರಿಸಿದೆವು, ಒಪ್ಪಂದ ಇತ್ತು. ಡೀಲರ್‌ಗಳು ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರ ನವೆಂಬರ್‌ನಿಂದ ನಿಯಮ ತಂದಿದೆ. ತಮ್ಮಲ್ಲೇ ಮಾಡಿಸಬೇಕೆಂದು ಒತ್ತಾಯಿಸಲು ಅದರಲ್ಲಿ ಅವಕಾಶವಿಲ್ಲ. ‘ನಿಮ್ಮಲ್ಲೇ ಮಾಡಿಸಬೇಕು ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ’ ಎಂದರೆ ಯಾರೂ ಬರೆದುಕೊಡುವುದಿಲ್ಲ.

ಹಬ್ಬದ ಮಾತನ್ನು ತಮ್ಮನೇ ಮುಗಿಸಿದ. ‘ಪೂಜೆ ಅಮಾವಾಸ್ಯೆಗೂ ಮಾಡಬಹುದು ಬಿಡಕ್ಕ’ ಎಂದ. ಆಯುಧಪೂಜೆಗೆ ಗಾಡಿ ಮನೆ ಮುಂದೆ ನಿಲ್ಲಬೇಕೆಂಬ ಆಸೆ ನಮ್ಮ ಕಡೆ ಎಷ್ಟು ಗಟ್ಟಿ ಎಂಬುದು ಶೋರೂಮಿನವರಿಗೆ ಚೆನ್ನಾಗಿ ಗೊತ್ತು. ಹಬ್ಬದ ಹಿಂದಿನ ವಾರ ಕೊಟೇಶನ್ ಬಿಡಿಸಿ ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಅಂದು ಅವನು ಆ ಮಾತು ಆಡದೆ ಹೋಗಿದ್ದರೆ ನನ್ನ ಲೆಕ್ಕಾಚಾರವೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು.

ಮಾರುವ ಹುಡುಗನ ಬಗ್ಗೆಯೂ ಒಂದು ಮಾತು. ವಿಮೆ, ಆಕ್ಸೆಸರಿ ಕಿಟ್, ಎಕ್ಸ್‌ಟೆಂಡೆಡ್ ವಾರಂಟಿ ಎಷ್ಟು ಮಾರಿದ ಎಂಬುದರ ಮೇಲೆ ಅವನ ಇನ್ಸೆಂಟಿವ್ ನಿಂತಿರುತ್ತದೆ. ನಿಯಮ ಮಾಡಿದವನು ಅವನಲ್ಲ. ಅವನ ಮೇಲೆ ರೇಗಾಡುವುದು ನನಗೆ ಸರಿ ಕಾಣಲಿಲ್ಲ, ಮ್ಯಾನೇಜರನ್ನೇ ಕರೆಸಿ ಮಾತಾಡಿದೆವು. ಹದಿನಾಲ್ಕು ಸಾವಿರದ ಕಿಟ್‌ನಲ್ಲಿ ಇದ್ದದ್ದು ಸೀಟ್ ಕವರ್, ಮ್ಯಾಟ್, ಸ್ಟೀರಿಂಗ್ ಕವರ್, ಒಂದು ಮ್ಯೂಸಿಕ್ ಸಿಸ್ಟಂ. ಬೇಡವೆಂದೆವು, ಅದಕ್ಕೆ ಹೆಚ್ಚು ಹಟ ಹಿಡಿಯಲಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಆಗಬಹುದಾಗಿದ್ದು ಸಾಲದಲ್ಲಿ. ಶೋರೂಮಿನಲ್ಲೇ ಕುಳಿತಿದ್ದ ಫೈನಾನ್ಸಿನವರು ಆರು ಲಕ್ಷಕ್ಕೆ ಶೇ 7 ಬಡ್ಡಿ ಹೇಳಿದರು. ತಮ್ಮನ ಖಾತೆ ಇರುವ ಬ್ಯಾಂಕಿನಲ್ಲಿ ಶೇ 10. ‘ಬ್ಯಾಂಕಿಗಿಂತ ಮೂರು ಪರ್ಸೆಂಟ್ ಕಮ್ಮಿ ಅಣ್ಣ’ ಎಂದಾಗ ಯಾರಾದರೂ ಇತ್ತಲೇ ವಾಲುತ್ತಾರೆ. ಆದರೆ ಇವರದು ಫ್ಲ್ಯಾಟ್ ದರ, ಬ್ಯಾಂಕಿನದು ರೆಡ್ಯೂಸಿಂಗ್. ಫ್ಲ್ಯಾಟ್ ಎಂದರೆ ತೀರಿಸುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ ಆರು ಲಕ್ಷದ ಮೇಲೆಯೇ, ಐದು ವರ್ಷವೂ. ಬಡ್ಡಿ 2,10,000, ಒಟ್ಟು 8,10,000, ತಿಂಗಳ ಕಂತು 13,500. ಬ್ಯಾಂಕಿನಲ್ಲಿ ಶೇ 10ಕ್ಕೆ ಅದೇ ಆರು ಲಕ್ಷದ ಕಂತು ಸುಮಾರು 12,750. ತಿಂಗಳಿಗೆ ಏಳೂವರೆ ನೂರು, ಐದು ವರ್ಷಕ್ಕೆ 45 ಸಾವಿರ. ಫ್ಲ್ಯಾಟ್ ಶೇ 7 ಅನ್ನುವುದು ನಿಜದಲ್ಲಿ ವರ್ಷಕ್ಕೆ ಹನ್ನೆರಡೂವರೆ ಪರ್ಸೆಂಟಿನ ಸಾಲ. ಬಡ್ಡಿ ದರ ಕೇಳಬೇಡಿ, ಕಂತು ಎಷ್ಟು, ಎಷ್ಟು ತಿಂಗಳು, ಮುಂಗಡವಾಗಿ ಏನೇನು ಹಿಡಿಯುತ್ತೀರಿ ಎಂದು ಕೇಳಿ.

ಇದಕ್ಕೆ ಈಗ ಒಂದು ಅಸ್ತ್ರವೂ ಸಿಕ್ಕಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ ಕೆಎಫ್‌ಎಸ್ ಎಂಬ ಮುಖ್ಯಾಂಶಗಳ ಪತ್ರ ಕೊಡಲೇಬೇಕು. ಎಲ್ಲ ಖರ್ಚೂ ಸೇರಿ ವಾರ್ಷಿಕ ದರ ಎಷ್ಟಾಗುತ್ತದೆ ಎಂಬುದು ಅದರಲ್ಲಿ ಇರಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ಸಾಲ ಪಡೆಯುವವನಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು ಎಂಬುದೂ ಆದೇಶದಲ್ಲಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳಿ, ಹಕ್ಕಿನಿಂದ ಕೇಳಿ. ನಾವು ಕೇಳಿದಾಗ ಫೈನಾನ್ಸಿನವರು ಆಮೇಲೆ ವಾಟ್ಸ್ಯಾಪ್ ಮಾಡುತ್ತೇವೆ ಎಂದರು, ಮಾಡಲಿಲ್ಲ. ಸಾಲ ಬ್ಯಾಂಕಿನಲ್ಲೇ ಆಯಿತು.

ಬುಕಿಂಗ್ ದುಡ್ಡನ್ನು ಯಾರ ಸ್ವಂತ ಫೋನ್ ಪೇ ನಂಬರಿಗೂ ಹಾಕಬೇಡಿ, ಡೀಲರ್ ಸಂಸ್ಥೆಯ ಖಾತೆಗೆ ಹಾಕಿ, ರದ್ದಾದರೆ ಎಷ್ಟು ವಾಪಸ್ ಎಂಬುದನ್ನು ರಸೀದಿಯಲ್ಲೇ ಬರೆಸಿ. ಉಳಿದ ದುಡ್ಡು ಕಟ್ಟುವ ಮೊದಲು ಚಾಸಿ ನಂಬರ್ ಕೇಳಿ. ಹದಿನೇಳು ಅಕ್ಷರಗಳ ಆ ನಂಬರಿನಲ್ಲಿ ಬಹುತೇಕ ಕಂಪನಿಗಳವರು ಹತ್ತನೆಯದರಲ್ಲಿ ವರ್ಷ ಸೂಚಿಸುತ್ತಾರೆ. ಇಂಗ್ಲಿಷಿನ ಆರ್ ಇದ್ದರೆ 2024, ಎಸ್ ಇದ್ದರೆ 2025. ಹಿಂದಿನ ವರ್ಷದ ಗಾಡಿ ಯಾರ್ಡಿನಲ್ಲಿ ಬಿಸಿಲು ಮಳೆಗೆ ನಿಂತಿದ್ದರೆ, ಅದನ್ನು ಕೊಳ್ಳುವುದೂ ಬಿಡುವುದೂ ನಿಮ್ಮ ಇಷ್ಟ. ಆದರೆ ಬೆಲೆ ಹೊಸದರದ್ದು ಆಗಬಾರದು. ಮುಂದೆ ಮಾರುವಾಗ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು, ವರ್ಷವನ್ನೇ ಎಲ್ಲರೂ ನೋಡುವುದು. ನೋಂದಣಿ ಆಗದೆ, ಕಡೇಪಕ್ಷ ತಾತ್ಕಾಲಿಕ ನಂಬರ್ ಇಲ್ಲದೆ, ಡೀಲರ್ ಗಾಡಿಯನ್ನು ನಿಮ್ಮ ಕೈಗೆ ಕೊಡುವಂತಿಲ್ಲ. ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಳ್ಳಲು ಬಂದರೆ ತುಂಬಿಸಿ ತನ್ನಿ ಎನ್ನಿ.

ಡೀಲರ್ ತಪ್ಪಿದರೆ ಕಂಪನಿ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯಲ್ಲಿ ಇರಬೇಡಿ. 2009ರ ಕಾರನ್ನು 2011ರಲ್ಲಿ ಹೊಸದೆಂದು ಕೊಡಲು ಹೋದ ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ್ದು, ಡೀಲರ್ ಮಾಡಿದ ತಪ್ಪು ಕಂಪನಿಗೆ ಗೊತ್ತಿತ್ತೆಂದು ತೋರಿಸದೆ ಕಂಪನಿಯನ್ನು ಹೊಣೆ ಮಾಡಲಾಗದು ಎಂದು. ಹಾಗಾಗಿ ದೂರು ಕೊಡಬೇಕಾದದ್ದು ಡೀಲರ್ ಮೇಲೆ, ಕಾಗದ ಇಟ್ಟುಕೊಳ್ಳಬೇಕಾದದ್ದೂ ಡೀಲರ್ ಕೊಟ್ಟದ್ದನ್ನೇ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಅಲ್ಲಿ ವಕೀಲರಿಲ್ಲದೆ ನಾವೇ ವಾದಿಸಬಹುದು.

ಸರಕು ಗಾಡಿ ಕೊಳ್ಳುವವರಿಗೆ ಅಲ್ಲೊಂದು ತೊಡಕಿದೆ. ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕ ಕಾಯ್ದೆಯ ಪ್ರಕಾರ ಗ್ರಾಹಕನೇ ಅಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡಿದ್ದರೆ ಅವನು ಗ್ರಾಹಕ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಲಾರಿಯೂ ಇದೆ: ತಾನೇ ಓಡಿಸಿ ದುಡಿಯಲು ಕೊಂಡವನಿಗೆ ಗ್ರಾಹಕನ ರಕ್ಷಣೆ ಉಂಟು, ಕೊಂಡು ಇನ್ನೊಬ್ಬರ ಕೈಲಿ ಓಡಿಸುವವನಿಗೆ ಇಲ್ಲ. ಸಂಬಳದ ಸ್ಲಿಪ್ ಇರುವ ನನ್ನ ಹೆಸರಿಗೆ ಗಾಡಿ ಮಾಡಿಸಿದರೆ ಸಾಲ ಬೇಗ ಆಗುತ್ತದೆ ಎಂದು ಮ್ಯಾನೇಜರ್ ಸಲಹೆ ಕೊಟ್ಟರು. ನಾವು ಇನ್‌ವಾಯ್ಸ್, ಆರ್‌ಸಿ, ವಿಮೆ ಮೂರನ್ನೂ, ಆ ರಕ್ಷಣೆ ತಪ್ಪಬಾರದೆಂದು, ಓಡಿಸುವ ತಮ್ಮನ ಹೆಸರಿಗೇ ಮಾಡಿಸಿದೆವು, ಸಾಲಕ್ಕೆ ನಾನು ಜಾಮೀನು ನಿಂತೆ. ಬ್ಯಾಂಕಿನವರು ಪಹಣಿ, ಎಪಿಎಂಸಿ ಚೀಟಿಗಳನ್ನೆಲ್ಲ ಕೇಳಿದ್ದರಿಂದ ಡೆಲಿವರಿ ದೀಪಾವಳಿ ದಾಟಿತು.