ವಾಷಿಂಗ್ ಮಷೀನ್ ಯಾಕೆ ನಾರುತ್ತೆ? ಬೋರ್‌ವೆಲ್ ನೀರಿನ ಒಂದು ಪಾಠ

ಒಗೆದು ಒಣಗಿಸಿದ ಟೀಶರ್ಟ್ ಹಾಕ್ಕೊಂಡು ಸ್ವಲ್ಪ ಬೆವರಿದ ತಕ್ಷಣ ಮುಗ್ಗಲು ವಾಸನೆ ಬರುತ್ತಾ? ನಮ್ಮಲ್ಲಿ ಹೆಚ್ಚಿನವರು ಮುಂದಿನ ಸಲ ಒಂದು ಚಮಚ ಪೌಡರ್ ಜಾಸ್ತಿ ಹಾಕ್ತೀವಿ. ವಾಸನೆ ಇನ್ನೂ ಹೆಚ್ಚಾಗುತ್ತೆ. ಕಾರಣ ಇರೋದು ಬಟ್ಟೆಯಲ್ಲಲ್ಲ, ಮಷೀನ್ ಒಳಗೆ.

ನೀರಿನ ಲೆಕ್ಕ

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಹಾಗಾಗಿ ಕೆಜಿಎಫ್, ಬಂಗಾರಪೇಟೆ ಕಡೆಯ ಎಷ್ಟೋ ಮನೆ, ಪಿಜಿಗಳಿಗೆ ಬೋರ್‌ವೆಲ್ಲೇ ಗತಿ, ಇಲ್ಲಾಂದ್ರೆ ಟ್ಯಾಂಕರ್. ಬಂಡೆಯ ಸಂದಿಯಲ್ಲಿ ನಿಂತ ಈ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿರುತ್ತೆ. ಅದೇ ಗಡಸು ನೀರು.

ಕುಡಿಯೋ ನೀರಿಗೆ ಭಾರತೀಯ ಮಾನಕ ಹೇಳೋ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. 600ರ ನೀರು 30 ಲೀಟರ್ ತಗೊಂಡ್ರೆ ಅದರಲ್ಲಿ 18 ಗ್ರಾಂ ಗಡಸುತನ ಇರುತ್ತೆ. ಸೋಡಿಯಂ ಸ್ಟಿಯರೇಟ್ ಸೋಪಾದ್ರೆ, ಕೊಳೆ ಮುಟ್ಟೋಕೆ ಮುಂಚೆನೇ ಸುಮಾರು 110 ಗ್ರಾಂ ಸೋಪು ಬರೀ ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗುತ್ತೆ. ಡಿಟರ್ಜೆಂಟ್‌ಗೆ ಈ ಕಾಟ ಕಡಿಮೆ, ಆದ್ರೆ ಪೂರ್ತಿ ತಪ್ಪಿದ್ದಲ್ಲ.

ಆ ಗಸಿ, ಮೈಯ ಜಿಡ್ಡು, ಬಟ್ಟೆಯ ನಾರು ಎಲ್ಲಾ ಸೇರಿ ಡ್ರಮ್ಮಿನ ಹಿಂದೆ, ನಮ್ಮ ಕಣ್ಣಿಗೆ ಕಾಣದ ಹೊರ ಟಬ್‌ಗೆ ಅಂಟುತ್ತೆ. ಮುಚ್ಚಳ ಹಾಕಿದ್ರೆ ತೇವ ಆರಲ್ಲ, ಬ್ಯಾಕ್ಟೀರಿಯಾ ಅಲ್ಲೇ ಲೋಳೆ ಪದರ ಕಟ್ಟಿಕೊಳ್ಳುತ್ವೆ. ಒಗೆದ ಬಟ್ಟೆಯ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ ಒಂದು ಮುಖ್ಯ ಕಾರಣ ಅಂತ 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ರು. ಜಾಸ್ತಿ ಪೌಡರ್ ಹಾಕೋದು ಅಂದ್ರೆ ಈ ಪದರಕ್ಕೆ ಇನ್ನಷ್ಟು ಗಸಿ ಸೇರಿಸೋದು.

ಮೊದಲು ಮೂಗಿಂದ ಪರೀಕ್ಷೆ

- ಕೊಳೆತ ಮೊಟ್ಟೆ ವಾಸನೆ: ಹೈಡ್ರೋಜನ್ ಸಲ್ಫೈಡ್. ಡ್ರೈನ್ ಪೈಪ್, ಮೋರಿ ಕಡೆ ನೋಡಿ.
- ಒದ್ದೆ ಬಟ್ಟೆಯ ಮುಗ್ಗಲು: ಟಬ್‌ನ ಪದರ.
- ಸುಟ್ಟ ರಬ್ಬರ್ ವಾಸನೆ: ಬೆಲ್ಟ್ ಅಥವಾ ಮೋಟಾರ್. ಪ್ಲಗ್ ತೆಗೆದು ಮೆಕ್ಯಾನಿಕ್ ಕರೀರಿ.

ಪದರ ತೆಗೆಯೋದು ಹೇಗೆ

1. ನಾರು ಹಿಡಿಯೋ ಫಿಲ್ಟರ್ ಬಿಚ್ಚಿ, ಹಳೇ ಬ್ರಷ್‌ನಿಂದ ಉಜ್ಜಿ. ಫ್ರಂಟ್ ಲೋಡ್ ಆದ್ರೆ ಬಾಗಿಲ ರಬ್ಬರಿನ ಮಡಿಕೆಗಳನ್ನೂ ಒರೆಸಿ.
2. ಖಾಲಿ ಮಷೀನ್‌ಗೆ ಸುಮಾರು 100 ಗ್ರಾಂ ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಮ್ಲ ಹಾಕಿ, ಮಷೀನ್‌ನ ಕೈಪಿಡಿ ಒಪ್ಪುವಷ್ಟು ಬಿಸಿನೀರಲ್ಲಿ ಓಡಿಸಿ. ಮಧ್ಯೆ ಅರ್ಧ ಗಂಟೆ ನಿಲ್ಲಿಸಿ. ಸುಣ್ಣದಂಥ ಪದರ ಕರಗುತ್ತೆ. ಆಮೇಲೆ ಎರಡು ಸಲ ಬರೀ ನೀರಲ್ಲಿ ಜಾಲಿಸಿ.
3. ಇನ್ನೊಂದು ದಿನ, ಕೈಪಿಡಿ ಒಪ್ಪಿದ್ರೆ, ಬ್ಲೀಚ್ ಹಾಕಿ ತಣ್ಣೀರಲ್ಲಿ ಓಡಿಸಿ. ಮೊದಲು ಸುಣ್ಣ ಹೋದ್ರೆ ಅದರಡಿಯ ಬ್ಯಾಕ್ಟೀರಿಯಾಗೆ ಬ್ಲೀಚ್ ತಲುಪುತ್ತೆ.

ಎಚ್ಚರ: ನಿಂಬೆ ಉಪ್ಪು, ವಿನೆಗರ್, ಟಾಯ್ಲೆಟ್ ಆಸಿಡ್, ಇವು ಯಾವುದನ್ನೂ ಬ್ಲೀಚ್ ಜೊತೆ ಬೆರೆಸ್ಬೇಡಿ. ಕ್ಲೋರಿನ್ ಅನಿಲ ಬರುತ್ತೆ. ಕಿಟಕಿ ಇಲ್ಲದ ಪಿಜಿ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಅಪಾಯ. ಟಾಯ್ಲೆಟ್ ಆಸಿಡ್ ಅಂತೂ ಸ್ಟೀಲ್ ಡ್ರಮ್ಮನ್ನೇ ತಿನ್ನುತ್ತೆ, ಮಷೀನ್ ಹತ್ರ ತರಲೇಬೇಡಿ.

ಮತ್ತೆ ಬರದ ಹಾಗೆ

ಮಷೀನ್ ನಿಂತ ತಕ್ಷಣ ಬಟ್ಟೆ ತೆಗೀರಿ, ಮುಚ್ಚಳ ತೆರೆದಿಡಿ. ಧೂಳಿಗೆ ಹೊದಿಸೋ ಪ್ಲಾಸ್ಟಿಕ್ ಕವರ್ ಒಳಗೆ ಪೂರ್ತಿ ಆರಿದ ಮೇಲೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಪೈಪ್ ಕೆಳಗಿಳಿಸಿ ಕೊನೆಯ ನೀರೂ ಹೋಗ್ಲಿ. ಪೌಡರ್ ಅಳೆದು ಹಾಕಿ. ನೀರು ಉಳಿಸ್ಬೇಕು ಅಂತ ಜಾಲಿಸೋದನ್ನ ಬಿಡ್ಬೇಡಿ. ಆ ನೀರು ಬಕೆಟ್‌ಗೆ ಹಿಡಿದು ನೆಲ ತೊಳೆಯೋಕೆ ಬಳಸಿ. ಟ್ಯಾಂಕರ್ ನೀರಲ್ಲಿ ಅದೇ ಬಟ್ಟೆ ಎರಡನೇ ಸಲ ಒಗೆಯೋದೇ ನಿಜವಾದ ದಂಡ.

ಟಿಡಿಎಸ್ ಮೀಟರ್ ನಂಬಿ ಕೂರ್ಬೇಡಿ. ಅದು ಕರಗಿದ ಎಲ್ಲಾ ಲವಣಗಳ ಅಂದಾಜು, ಗಡಸುತನ ಅಲ್ಲ. ಗಡಸುತನ ಅಳೆಯೋ ವಿಧಾನ ನಮಗೆಲ್ಲಾ ಗೊತ್ತು: ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನ ಇಡಿಟಿಎ ಟೈಟ್ರೇಷನ್, ವೈನ್ ಕೆಂಪು ಹೋಗಿ ನೀಲಿ ಬರೋ ಅದೇ ಪ್ರಯೋಗ. ಮುಂದಿನ ಲ್ಯಾಬಿಗೆ ನಿಮ್ಮ ರೂಮಿನ ನಲ್ಲಿ ನೀರು ಒಂದು ಬಾಟಲಿ ತನ್ನಿ, ಮೇಷ್ಟ್ರನ್ನ ಕೇಳಿ ಟೈಟ್ರೇಟ್ ಮಾಡಿ. ಬಂದ ಸಂಖ್ಯೆನ ಮಷೀನ್ ಮುಚ್ಚಳದ ಮೇಲೆ ಅಂಟಿಸಿ. 300 ದಾಟಿದ್ರೆ ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ಸರದಿ ಹಾಕ್ಕೊಳ್ಳಿ.