ಒಣಭೂಮಿಗೆ ಕಮರದ ವೃಕ್ಷ

ಶಿರಾ ಸೀಮೆಯ ಬುಕ್ಕಾಪಟ್ಟಣದ ಕಾಡುಗಳಲ್ಲಿಯೂ ಕಾವೇರಿಯ ಇಕ್ಕೆಲದ ಒಣಗುಡ್ಡಗಳಲ್ಲಿಯೂ, ಗರಸುಮಣ್ಣಿನ ಕೆಳಗಿನ ಬಂಡೆಯ ಸಂದುಗಳಿಗೆ ಬೇರಿಳಿಸಿ ಅಲ್ಪವೃಷ್ಟಿಯಲ್ಲಿಯೇ ಉನ್ನತವಾಗಿ ಬೆಳೆದು ನಿಂತಿರುವ ಕಮರವು, ಎತ್ತಿನ ಗೊರಸಿನಂತೆ ಎರಡಾಗಿ ಸೀಳಿದ ತನ್ನ ಎಲೆಯಿಂದಲೇ ಗುರುತಿಗೆ ಸಿಕ್ಕುವ, ದ್ವಿದಳಧಾನ್ಯಗಳ ಕುಲಕ್ಕೆ ಸೇರಿದ ವೃಕ್ಷವಾಗಿದೆ. ಕುಲವೊಂದೇ ಆದರೂ ಹೊಂಗೆಯಂತೆ ಇದು ನೆಲಕ್ಕೆ ಸಾರಜನಕವನ್ನು ಕೂಡಿಸುವುದೆಂದು ರೈತನು ಎಣಿಸಬಾರದು. ಇದರ ಉಪಕಾರವು ಮೇವಿನಲ್ಲಿ, ತರಗಿನ ಗೊಬ್ಬರದಲ್ಲಿ, ಮತ್ತು ಒಣಗಿದ ಮೇಲೂ ನೀರಿನಲ್ಲಿ ಮುಳುಗುವಷ್ಟು ಭಾರವಾದ, ಗೆದ್ದಲಿಗೆ ಸುಲಭವಾಗಿ ಸೋಲದ ಕೆಚ್ಚಿನಲ್ಲಿ ಉಂಟು.

ಆ ಕೆಚ್ಚಿನೊಳಗೇ ಕಪ್ಪುಗೆಂಪಾದ ಅಂಟುರಾಳವೊಂದು ಸಂಚಯವಾಗಿರುತ್ತದೆ. ದಕ್ಷಿಣ ಅಮೆರಿಕದಲ್ಲಿ ಇದೇ ಕುಲದ ಕೋಪೈಬಾ ಮರಗಳಿಂದ ತೆಗೆಯುವ ತೈಲರಾಳವನ್ನು ಹೋಲುವ ಇದನ್ನು, ಕಾಂಡಕ್ಕೆ ರಂಧ್ರ ಕೊರೆದು ಇಳಿಸಿಕೊಂಡು, ಮರಮುಟ್ಟುಗಳು ಕೆಡದಂತೆ ಬಳಿಯುವ ವಾಡಿಕೆಯುಂಟು. ಆದರೆ ಮೇವು ಮತ್ತು ದಿಮ್ಮಿಯನ್ನು ಬಿಟ್ಟು ರಾಳದ ಆದಾಯವನ್ನೇ ನಂಬಿ ಕಮರವನ್ನು ಬೆಳೆಸಿರೆಂದು ಹೇಳಲು ನನ್ನ ಮನಸ್ಸು ಒಪ್ಪದು. ರಂಧ್ರ ಬಿದ್ದ ದಿಮ್ಮಿಗೆ ಬೆಲೆ ತಗ್ಗುವುದು, ಎಳೆಯ ಮರದ ಗಾಯವಂತೂ ಅದರ ಆಯುಸ್ಸಿಗೇ ಅಪಾಯ.

ಬಿತ್ತನೆಯ ವಿಷಯದಲ್ಲಿ ಮಾತ್ರ ವಿಶೇಷವಾದ ಎಚ್ಚರ ಬೇಕು. ಮೊಳೆತೊಡನೆ ಚಿಗುರಿಗಿಂತ ಮೊದಲು ತಾಯಿಬೇರನ್ನು ಪಾತಾಳದತ್ತ ಕಳುಹುವುದು ಈ ಸಸ್ಯದ ಸ್ವಭಾವವಾದುದರಿಂದ, ಪಾತಿಯಲ್ಲಿ ಬೆಳೆಸಿ ಬೇರು ಕತ್ತರಿಸಿ ನೆಟ್ಟ ಸಸಿಗಳು ಬಹುಪಾಲು ಒಣಗಿಹೋಗುವುವು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಾಗಿ ಗಾಳಿಗೆ ಉದುರುವ ರೆಕ್ಕೆಗಾಯಿಗಳನ್ನು ಆಯ್ದುಕೊಂಡು, ಹಳತಾಗಲು ಬಿಡದೆ ಆ ಮುಂಗಾರಿನಲ್ಲಿಯೇ, ಬದುವಿನ ಮೇಲೆ ಮೊದಲೇ ತೆಗೆದು ಸಡಿಲ ಮಣ್ಣು ತುಂಬಿದ ಗುಣಿಗಳಲ್ಲಿ ಎರಡು ಮೂರು ಬೀಜಗಳನ್ನು ಮೇಲುಮೇಲಾಗಿ ಊರಿ, ಬಳಿಕ ಬಲವಾದ ಒಂದನ್ನು ಉಳಿಸಿಕೊಳ್ಳತಕ್ಕುದು. ಫಲವು ಪ್ರತಿವರ್ಷವೂ ಸಮೃದ್ಧವಾಗಿ ಬರುವುದಿಲ್ಲ. ಬಂದ ವರ್ಷವನ್ನು ಕೈಬಿಡಬಾರದು.

ಮೊದಲ ಬೇಸಗೆಗಳಲ್ಲಿ ಸಸಿಯು ಬುಡದವರೆಗೆ ಒಣಗಿದಂತೆ ಕಂಡಾಗ ಅನೇಕರು ನಿರಾಶರಾಗಿ ಅದನ್ನು ಉತ್ತುಬಿಡುತ್ತಾರೆ. ಇದು ನನಗೆ ಬಹಳ ವ್ಯಥೆಯನ್ನುಂಟುಮಾಡುವ ಸಂಗತಿ. ಏಕೆಂದರೆ ಮೇಲ್ಗಡೆ ಏನೂ ಕಾಣದಿದ್ದಾಗಲೂ ಬೇರು ಆಳಕ್ಕೆ ಇಳಿಯುತ್ತಲೇ ಇದ್ದು, ಮರುಮಳೆಗೆ ಬುಡದಿಂದ ಹೊಸ ಕುಡಿ ಒಡೆಯುವುದು. ಈ ಕಾಲದಲ್ಲಿ ಮುಳ್ಳುಬೇಲಿ ಕಟ್ಟಿ ಕುರಿಮೇಕೆಗಳಿಂದ ರಕ್ಷಿಸಬೇಕು. ಮರವಾಗಿ ನಿಂತ ಮೇಲೆ ಕೊಂಬೆಗಳನ್ನು ಸರದಿಯಂತೆ ಸವರಿ ಸೊಪ್ಪನ್ನು ದನಕರುಗಳಿಗೆ ಹಾಕಬಹುದು, ತುದಿಚಿಗುರನ್ನು ಮಾತ್ರ ಮುಟ್ಟಬಾರದು. ಮುಂದೆ ಕಡಿದು ಸಾಗಿಸುವಾಗ ಅರಣ್ಯ ಇಲಾಖೆಯೊಡನೆ ತೊಡಕುಂಟಾಗದಂತೆ, ಬದುವಿನ ಮರಗಳನ್ನು ಪಹಣಿಯಲ್ಲಿ ನಮೂದಿಸಿಕೊಳ್ಳುವುದು ಲೇಸು.